ಗಡಿಯಾರ ನಿಲ್ಲದ ಜಾಗ

(ಮೈಸೂರಿನಲ್ಲಿ ಹವ್ಯಾಸಿ ಓಟಗಾರರು ಮತ್ತು ಸೈಕಲ್ ಸವಾರರ ಕೂಟವೊಂದರಲ್ಲಿ ಮಕ್ಕಳ ಫಿಸಿಯೋಥೆರಪಿಸ್ಟ್ ಒಬ್ಬರು ಆಡಿದ ಮಾತಿನ ಬರಹ ರೂಪ)

ನನಗೆ ಟ್ರಯಥ್ಲಾನ್ ಹುಚ್ಚು ಹಿಡಿದಿದೆ ಅನ್ನುವುದು ಮನೆಯವರಿಗಿಂತ ಮೊದಲು ಗೊತ್ತಾಗಿದ್ದು ನಮ್ಮ ಸೆಂಟರಿಗೆ ಬರುವ ತಾಯಂದಿರಿಗೆ. ಒಂದು ಸೋಮವಾರ ಬೆಳಿಗ್ಗೆ ಮಗುವಿನ ಕಾಲು ಹಿಡಿದುಕೊಂಡು ಮ್ಯಾಟ್ ಮೇಲೆ ಕೂತಿದ್ದವಳು, ಏಳುವಾಗ ‘ಅಯ್ಯಮ್ಮಾ’ ಅಂದುಬಿಟ್ಟೆ. ಹಿಂದಿನ ದಿನ ನಂಜನಗೂಡು ರಸ್ತೆಯಲ್ಲಿ ಎಂಬತ್ತು ಕಿಲೋಮೀಟರ್ ಸೈಕಲ್ ತುಳಿದು, ಇಳಿದ ಕಾಲಲ್ಲೇ ಐದು ಕಿಲೋಮೀಟರ್ ಓಡಿದ್ದೆ. ಏನಾಯ್ತು ಅಂತ ಕೇಳಿದರು, ಹೇಳಿದೆ. ಎಚ್.ಡಿ. ಕೋಟೆ ಕಡೆಯಿಂದ ಬರುವ ಒಬ್ಬ ತಾಯಿ ಕಣ್ಣರಳಿಸಿ, ‘ಅಲ್ಲ ಮೇಡಂ, ಅಷ್ಟ್ ದೂರ ಓಡೋಕೆ ನಿಮ್ನ ಯಾರ್ ಅಟ್ಟುಸ್ಕಂಡ್ ಬಂದಿದ್ರು?’ ಅಂದರು.

ಈ ಪ್ರಶ್ನೆಗೆ ಸರಿಯಾದ ಉತ್ತರ ಇವತ್ತಿಗೂ ನನ್ನ ಹತ್ತಿರ ಇಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದೆಯೇ? ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ಜನ ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದು, ಕುಕ್ಕರಹಳ್ಳಿ ಕೆರೆ ಸುತ್ತುವವರು, ಚಾಮುಂಡಿ ಬೆಟ್ಟಕ್ಕೆ ಸೈಕಲ್ ಹತ್ತಿಸುವವರು. ನಮ್ಮನ್ನು ಯಾರೂ ಅಟ್ಟಿಸಿಕೊಂಡು ಬಂದಿಲ್ಲ. ನಾವೇ ಅರ್ಜಿ ತುಂಬಿ, ದುಡ್ಡು ಕೊಟ್ಟು ಕಷ್ಟ ಕೊಂಡುಕೊಂಡವರು. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಇಂಥ ಸಭೆಗಳಲ್ಲಿ ಯಾರಾದರೂ ಒಬ್ಬರು ಎದ್ದು, ನಾವು ರೇಸಿನಲ್ಲಿ ಪಡುವ ಪಾಡೂ ಥೆರಪಿಗೆ ಬರುವ ಮಕ್ಕಳು ಪಡುವ ಪಾಡೂ ಒಂದೇ ಅನ್ನುತ್ತಾರೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಒಂದೇ ಅಲ್ಲ. ನನಗೆ ಸಾಕಾದರೆ ಸೈಕಲ್ ಮರಕ್ಕೊರಗಿಸಿ ಎಳನೀರು ಕುಡಿಯಬಹುದು.

ಬರೀ ಓಟ, ಬರೀ ಸೈಕಲ್ ಮಾಡುವವರಿಗಾಗಿ ಒಂದೆರಡು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ. ಇದೇ ಕ್ರಮದಲ್ಲಿ, ನಡುವೆ ಬಿಡುವಿಲ್ಲದೆ. ಒಲಿಂಪಿಕ್ಸ್‌ನಲ್ಲಿರುವುದು 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಐರನ್‌ಮ್ಯಾನ್ ಅಂದರೆ 3.8, 180 ಮತ್ತು 42.2. ಅದರಲ್ಲಿ ಅರ್ಧ ಮಾಡಿದರೆ 1.9, 90, 21.1. ಈ ಮೂರನ್ನೂ ಮೈಲಿಯಲ್ಲಿ ಕೂಡಿದರೆ 70.3 ಬರುತ್ತದೆ, ಅದೇ ಅದರ ಹೆಸರು. ಗೋವಾದ ಮಿರಾಮಾರ್ ಬೀಚಿನಲ್ಲಿ 2019ರಲ್ಲಿ ಶುರುವಾದದ್ದು ಈ ಅರ್ಧದ್ದು. ನಾನು ಮಾಡಿರುವುದೂ ಅಷ್ಟೇ. ಯಾರಾದರೂ ‘ಐರನ್ ಲೇಡಿ’ ಅಂದರೆ, ಅರ್ಧ ಮಾತ್ರ ಕಬ್ಬಿಣ, ಮಿಕ್ಕರ್ಧ ರಾಗಿಮುದ್ದೆ ಅನ್ನುತ್ತೇನೆ.

ಈ ಮೂರು ಆಟಗಳ ಜತೆ ನಾಲ್ಕನೆಯದೊಂದಿದೆ, ಅದು ಫೋಟೋದಲ್ಲಿ ಬರುವುದಿಲ್ಲ. ನೀರಿನಿಂದ ಎದ್ದು ಬಂದ ಮೇಲೆ ನಿಮ್ಮ ಸೈಕಲ್ ತೂಗುಹಾಕಿರುವ ಜಾಗಕ್ಕೆ ಓಡಬೇಕು. ಈಜಿನ ಟೋಪಿ, ಕನ್ನಡಕ ತೆಗೆಯಬೇಕು. ಕಾಲಿಗೆ ಮೆತ್ತಿದ ಮರಳು ಒರೆಸಿ ಶೂ ಹಾಕಿ, ಹೆಲ್ಮೆಟ್ ಬಿಗಿದು, ಆಮೇಲೆ ಸೈಕಲ್ ಮುಟ್ಟಬೇಕು. ಹೆಲ್ಮೆಟ್ ಬಿಗಿಯುವ ಮೊದಲು ಸೈಕಲ್ ಎತ್ತಿದರೆ ದಂಡ. ಸೈಕಲ್ ಮುಗಿಸಿ ಬಂದ ಮೇಲೆ ಮತ್ತೆ ಅಲ್ಲೇ ಅದನ್ನು ತೂಗುಹಾಕಿ ಓಟದ ಶೂ ಹಾಕಿಕೊಳ್ಳಬೇಕು. ಆ ಜಾಗಕ್ಕೆ ಟ್ರಾನ್ಸಿಷನ್ ಅನ್ನುತ್ತಾರೆ. ಅಲ್ಲಿ ನೀವು ಈಜುತ್ತಿಲ್ಲ, ತುಳಿಯುತ್ತಿಲ್ಲ, ಓಡುತ್ತಿಲ್ಲ, ಆದರೆ ಗಡಿಯಾರ ಮಾತ್ರ ನಿಲ್ಲುವುದಿಲ್ಲ. ನಾನು ಮೊದಲ ಸಲ ಅಲ್ಲಿ ಹನ್ನೊಂದು ನಿಮಿಷ ಕಳೆದಿದ್ದೆ. ಒದ್ದೆ ಕಾಲಿಗೆ ಸಾಕ್ಸ್ ಏರುತ್ತಿಲ್ಲ, ಕೈ ನಡುಗುತ್ತಿದೆ, ಪಕ್ಕದ ಹುಡುಗ ಬಂದ, ಹೋದ. ಗೊತ್ತಿರುವವರು ಎರಡೇ ನಿಮಿಷದಲ್ಲಿ ಮುಗಿಸುತ್ತಾರೆ. ಅದಕ್ಕೆಂದೇ ಮನೆಯ ಹಿತ್ತಲಲ್ಲಿ ಬಕೆಟ್ ನೀರು ಕಾಲಿಗೆ ಸುರಿದುಕೊಂಡು ಸಾಕ್ಸ್ ಹಾಕುವ ಅಭ್ಯಾಸ ಮಾಡಿದ್ದೇನೆ. ನಮ್ಮ ಅತ್ತೆ ಅದನ್ನು ನೋಡಿ ಏನೂ ಹೇಳದೆ ಒಳಗೆ ಹೋದರು.

ಆ ಕೋಟೆ ಕಡೆಯ ತಾಯಿಯ ಗುರುವಾರ ಮೊದಲು ಹೇಗಿರುತ್ತಿತ್ತು, ಹೇಳುತ್ತೇನೆ. ಮಗನಿಗೆ ಏಳು ವರ್ಷ, ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಕೂರಿಸಿದರೆ ಕೂರುತ್ತಾನೆ, ತಾನಾಗಿ ಕೂರಲಾರ. ಬೆಳಿಗ್ಗೆ ಐದಕ್ಕೆ ಎದ್ದು ಕೊಟ್ಟಿಗೆ ಕೆಲಸ, ಅಡುಗೆ. ಮಗನಿಗೆ ಅಂಬಲಿ ಕುಡಿಸುವುದಕ್ಕೇ ನಲವತ್ತು ನಿಮಿಷ ಬೇಕು, ಯಾಕೆಂದರೆ ಅವಸರ ಮಾಡಿದರೆ ನೆತ್ತಿಗೇರುತ್ತದೆ. ಅವನನ್ನು ಸೊಂಟದ ಮೇಲೆ ಹೊತ್ತು ಡಾಂಬರು ರಸ್ತೆಯ ತನಕ ನಡೆದರೆ ಬಸ್ಸು. ಮೈಸೂರಿನ ಸಬರ್ಬನ್ ಸ್ಟ್ಯಾಂಡಿನಲ್ಲಿ ಇಳಿದು, ಒಂದು ಕೈಯಲ್ಲಿ ಮಗ, ಇನ್ನೊಂದು ಕೈಯಲ್ಲಿ ಕಾಲಿಗೆ ಆಸರೆಯಾಗಿ ಕಟ್ಟುವ ಸ್ಪ್ಲಿಂಟ್ ತುಂಬಿದ ಬ್ಯಾಗು, ಭುಜದಲ್ಲಿ ಬುತ್ತಿ. ಅಲ್ಲಿಂದ ಸಿಟಿ ಬಸ್ಸೋ ಆಟೋನೋ ಹಿಡಿದು ನಮ್ಮಲ್ಲಿಗೆ ಬರುವಾಗ ಹತ್ತೂಮುಕ್ಕಾಲು. ಅಷ್ಟು ಹೊತ್ತಿಗೆ ಹುಡುಗ ಬಳಲಿ ನಿದ್ದೆಗೆ ಜಾರಿರುತ್ತಾನೆ. ಮುಖಕ್ಕೆ ನೀರು ಹಾಕಿ ಎಬ್ಬಿಸಿದರೆ ಅಳುತ್ತಾನೆ, ಅತ್ತರೆ ಮೈ ಇನ್ನಷ್ಟು ಬಿಗಿಯುತ್ತದೆ. ಸಂಜೆ ಊರು ಸೇರುವಾಗ ದೀಪ ಹಚ್ಚುವ ಹೊತ್ತು. ನನ್ನ ಫೈಲಿನಲ್ಲಿ ಮಾತ್ರ ‘ಸೆಷನ್: 45 ನಿಮಿಷ’ ಅಂತ ಬರೆದಿರುತ್ತದೆ.

ಎಷ್ಟೋ ವರ್ಷ ನಾನು ಆ ನಲವತ್ತೈದು ನಿಮಿಷವನ್ನೇ ಚಿಕಿತ್ಸೆ ಅಂದುಕೊಂಡಿದ್ದೆ. ಎರಡು ವಾರ ತಪ್ಪಿಸಿದ ತಾಯಂದಿರನ್ನು ‘ಏನಮ್ಮ, ಮಗು ಬಗ್ಗೆ ಕಾಳಜಿ ಇಲ್ವಾ’ ಅಂತ ಗದರಿದ್ದೇನೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಮರಳು ಕಾಲಲ್ಲಿ ಸಾಕ್ಸಿನ ಜತೆ ಗುದ್ದಾಡಿದ ಹನ್ನೊಂದು ನಿಮಿಷದಲ್ಲಿ ನನಗೆ ಹೊಳೆದದ್ದು ಇದು. ಈ ತಾಯಂದಿರ ದಿನದಲ್ಲಿ ಆಟಕ್ಕಿಂತ ಟ್ರಾನ್ಸಿಷನ್ನೇ ಜಾಸ್ತಿ.

ಒಂದು ಹಳೆಯ ಕಥೆ ಹೇಳುತ್ತೇನೆ, ಸ್ವಲ್ಪ ದಾರಿ ತಪ್ಪಿದರೂ ಪರವಾಗಿಲ್ಲ. ಮೊದಲ ಐರನ್‌ಮ್ಯಾನ್ ನಡೆದದ್ದು 1978ರ ಫೆಬ್ರುವರಿ 18ರಂದು, ಹವಾಯಿಯ ಓಆಹು ದ್ವೀಪದಲ್ಲಿ. ಈಜುವವರು ಗಟ್ಟಿಯೋ, ಸೈಕಲ್‌ನವರೋ, ಓಡುವವರೋ ಅಂತ ವಾದ ಹುಟ್ಟಿ, ಜಾನ್ ಕಾಲಿನ್ಸ್ ಅನ್ನುವ ಅಮೆರಿಕದ ನೌಕಾಪಡೆ ಅಧಿಕಾರಿ ಮತ್ತು ಅವರ ಹೆಂಡತಿ ಜೂಡಿ ಸೇರಿ, ಊರಲ್ಲಿ ಆಗಲೇ ಇದ್ದ ಮೂರು ದೊಡ್ಡ ಸ್ಪರ್ಧೆಗಳನ್ನು ಒಂದಕ್ಕೊಂದು ಗಂಟುಹಾಕಿದರು. ಹದಿನೈದು ಜನ ಹೊರಟರು, ಹನ್ನೆರಡು ಜನ ಮುಟ್ಟಿದರು. ಗೆದ್ದವರು ಗೋರ್ಡನ್ ಹಾಲರ್, 11 ಗಂಟೆ 46 ನಿಮಿಷ 58 ಸೆಕೆಂಡು. ಆದರೆ ನನಗೆ ಇಷ್ಟವಾಗುವುದು ಎರಡನೆಯವರಾದ ಜಾನ್ ಡನ್‌ಬಾರ್ ಕಥೆ. ಆಗ ದಾರಿಯಲ್ಲಿ ನೀರಿನ ಮೇಜು ಗೀಜು ಏನೂ ಇರಲಿಲ್ಲ. ನಿಮ್ಮ ನೀರು, ತಿಂಡಿ ನೋಡಿಕೊಳ್ಳುವ ಜನರನ್ನು ನೀವೇ ಕರೆತರಬೇಕು. ಮುಂದಿದ್ದ ಡನ್‌ಬಾರ್‌ರ ಕಡೆಯವರ ಹತ್ತಿರ ಓಟದ ನಡುವೆ ನೀರು ಮುಗಿದುಹೋಯಿತು. ಅವರು ಬಿಯರ್ ಕೊಟ್ಟರು. ಆಮೇಲೆ ಅವರ ಓಟ ಯಾವ ಕಡೆ ಹೋಗಿರಬಹುದು, ಊಹಿಸಿಕೊಳ್ಳಿ.

ನಗುವ ಕಥೆಯೇ. ಆದರೆ ಇಂಥ ದೂರದ ಆಟ ಯಾವತ್ತೂ ಒಬ್ಬರ ಆಟವಾಗಿರಲಿಲ್ಲ ಅನ್ನುವುದೂ ಅದರಲ್ಲಿದೆ. ಜತೆಗಾರರು ಸರಿಯಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಆ ತಾಯಿಗೆ ಬಿಯರ್ ಕೊಡುವವರೂ ಇಲ್ಲ.

ಈಗ ದುಡ್ಡಿನ ಮಾತಿಗೆ ಬರೋಣ. ನನ್ನನ್ನು ನೀವು ಕರೆದಿರುವುದೇ ಅದಕ್ಕೆ, ರೇಸಿನ ನೆಪದಲ್ಲಿ ಮಕ್ಕಳ ಥೆರಪಿಗೆ ಹಣ ಎತ್ತುವುದು ಹೇಗೆ ಅಂತ ತಿಳಿಯಲು. ಹೇಗೆ ಎತ್ತಬಾರದು ಅನ್ನುವುದರಲ್ಲಿ ನನಗೆ ಅನುಭವ ಜಾಸ್ತಿ.

ಮೊದಲ ವರ್ಷ ನಾನೊಂದು ಪೋಸ್ಟರ್ ಮಾಡಿದೆ. ಒಂದು ಬದಿ ಸೈಕಲ್ ಮೇಲೆ ನಾನು. ಇನ್ನೊಂದು ಬದಿ ಸ್ಪ್ಲಿಂಟ್ ಹಾಕಿಕೊಂಡು ಗೋಡೆಗೊರಗಿ ನಿಂತ ನಮ್ಮ ಸೆಂಟರಿನ ಒಬ್ಬ ಹುಡುಗ. ಕೆಳಗೆ ‘ಇವನ ಮೊದಲ ಹೆಜ್ಜೆಗಾಗಿ ನನ್ನ 113 ಕಿಲೋಮೀಟರ್’. ತಾಯಿಯನ್ನು ಕೇಳಿದ್ದೆ, ‘ಆಯ್ತು ಮೇಡಂ’ ಅಂದಿದ್ದರು. ವಾರಕ್ಕೆರಡು ಸಲ ಮಗನ ಕಾಲು ನೋಡುವ ನನಗೆ ಅವರು ಇಲ್ಲ ಅನ್ನುವುದು ಸಾಧ್ಯವಿತ್ತೇ? ಅದು ನನಗೆ ಆಗ ತೋಚಲಿಲ್ಲ. ಪೋಸ್ಟರ್ ವಾಟ್ಸ್ಆ್ಯಪಿನಲ್ಲಿ ಸುತ್ತಿತು, ದುಡ್ಡೂ ಬಂತು. ಮೂರು ವಾರದ ಮೇಲೆ ಹುಡುಗನ ತಂದೆ ಬಂದರು. ಗಾರೆ ಕೆಲಸದವರು, ಅಂದು ಕೆಲಸ ಬಿಟ್ಟು ಬಂದಿದ್ದರು. ಅವರ ಮೇಸ್ತ್ರಿಯ ಫೋನಿಗೇ ಆ ಪೋಸ್ಟರ್ ಬಂದಿತ್ತು. ಅವರು ಕೂಗಾಡಲಿಲ್ಲ. ಫೋನಿನಲ್ಲಿದ್ದ ಚಿತ್ರ ನನ್ನ ಮುಂದೆ ಹಿಡಿದು, ‘ನಾನ್ ದುಡೀತಾ ಇವ್ನಿ ಮೇಡಂ. ನಮ್ ಐಕಳ್ನ ತೋರ್ಸಿ ಕೇಳಂಗ್ ಮಾಡ್ಬುಟ್ರಲ್ಲ’ ಅಂದರು. ನಾನು ಏನು ಹೇಳಿದೆ ಅನ್ನುವುದು ನೆನಪಿಲ್ಲ. ಅವರು ಹೋಗುವಾಗ ಮಗನ ಚಪ್ಪಲಿಯ ಪಟ್ಟಿ ಸರಿಮಾಡಿ ಹೋದದ್ದು ನೆನಪಿದೆ.

ಅವತ್ತಿನಿಂದ ಪೋಸ್ಟರಿನಲ್ಲಿ ಮಕ್ಕಳ ಮುಖ ಇಲ್ಲ, ಬೆನ್ನೂ ಇಲ್ಲ, ಕಣ್ಣಿಗೆ ಕಪ್ಪು ಪಟ್ಟಿ ಎಳೆದದ್ದೂ ಇಲ್ಲ. ಸ್ಪ್ಲಿಂಟಿನ ಚಿತ್ರ ಹಾಕುತ್ತೇವೆ, ಮರದ ಕುರ್ಚಿಯ ಚಿತ್ರ ಹಾಕುತ್ತೇವೆ. ದುಡ್ಡು ಕಡಿಮೆ ಬರುತ್ತದೆ. ಬರಲಿ.

ಎರಡನೆಯ ಪಾಠ 2022ರ ನವೆಂಬರ್‌ನದು. ಗೋವಾಕ್ಕೆ ಹೊರಡುವ ಮೊದಲು ಸ್ನೇಹಿತರು, ನಮ್ಮ ಅಪಾರ್ಟ್‌ಮೆಂಟಿನವರು, ಗಂಡನ ಆಫೀಸಿನವರು ಕಿಲೋಮೀಟರಿಗೆ ಇಷ್ಟು ಅಂತ ಮಾತು ಕೊಟ್ಟಿದ್ದರು. ಹೀಗೆ ಕೇಳುವುದು ನಮ್ಮ ಆಟದಲ್ಲಿ ರೂಢಿ, ನೀವೂ ನೋಡಿರುತ್ತೀರಿ. ಈಜು ಹೇಗೋ ಮುಗಿಯಿತು. ಸೈಕಲ್‌ನಲ್ಲಿ ಒಂದು ಪಂಕ್ಚರ್, ಟ್ಯೂಬ್ ಬದಲಿಸಿದೆ. ಇನ್ನೊಂದು ಪಂಕ್ಚರ್. ಇಟ್ಟುಕೊಂಡಿದ್ದು ಒಂದೇ ಟ್ಯೂಬ್, ಯಾರನ್ನು ಬೈಯುವುದು? ಸಹಾಯ ಸಿಗುವ ಹೊತ್ತಿಗೆ ಗಡುವು ಮೀರಿತ್ತು. ಮೂರೂ ಆಟ ಸೇರಿ ಎಂಟೂವರೆ ಗಂಟೆಯಲ್ಲಿ ಮುಗಿಸಬೇಕು, ನಡುವೆ ಸೈಕಲ್ಲಿಗೂ ಒಂದು ಗಡುವಿದೆ. ನನ್ನ ಹೆಸರಿನ ಮುಂದೆ ಡಿಎನ್ಎಫ್ ಬಿತ್ತು. ‘ಡಿಡ್ ನಾಟ್ ಫಿನಿಶ್’, ಮುಗಿಸಲಿಲ್ಲ.

ಮೈಸೂರಿಗೆ ಬಂದ ಮೇಲೆ ಎಲ್ಲರಿಗೂ ಇದ್ದದ್ದನ್ನು ಇದ್ದ ಹಾಗೆ ತಿಳಿಸಿದೆ. ಬಹಳ ಜನ ಪೂರ್ತಿ ಕೊಟ್ಟರು. ಒಬ್ಬರು ಮಾತ್ರ ನಾನು ಕ್ರಮಿಸಿದ ದೂರ ಎಷ್ಟು ಅಂತ ವಿಚಾರಿಸಿ, ಅಷ್ಟಕ್ಕೇ ಲೆಕ್ಕ ಹಾಕಿ, ಪೈಸೆ ಸಮೇತ ಕಳಿಸಿದರು. ಇನ್ನೊಬ್ಬರು, ‘ನೀವು ಮುಗಿಸಲಿಲ್ವಲ್ಲ, ಮುಂದಿನ ಸಲ ಮುಗಿಸಿದಾಗ ನೋಡೋಣ’ ಅಂದರು. ಮೊದಲು ಸಿಟ್ಟು ಬಂತು. ಯೋಚಿಸಿದಾಗ ತಪ್ಪು ನನ್ನದೇ ಅನಿಸಿತು. ನಾನೇ ಕಿಲೋಮೀಟರ್ ತೂಗಿ ಮಾರಿದ್ದೆ, ಅವರು ತೂಕ ನೋಡಿ ದುಡ್ಡು ಕೊಟ್ಟರು. ನನ್ನ ಪಂಕ್ಚರಿಗೂ ಒಂದು ಮಗುವಿನ ಸ್ಪ್ಲಿಂಟಿಗೂ ಗಂಟುಹಾಕಿದವಳು ನಾನು.

ಇದು ಪಂಕ್ಚರ್ ಕಥೆಗಷ್ಟೇ ನಿಲ್ಲುವುದಿಲ್ಲ. ದಾನ ಕೊಡುವವರು ಸೆಂಟರ್ ನೋಡಲು ಬಂದಾಗ ಕೇಳುವ ಮೊದಲ ಪ್ರಶ್ನೆ ಯಾವುದು ಗೊತ್ತೇ? ‘ಇವನು ಯಾವಾಗ ನಡೀತಾನೆ?’ ಅಂದರೆ, ಫಿನಿಶ್ ಲೈನ್ ಎಲ್ಲಿದೆ?

ಇಲ್ಲಿ ಸ್ವಲ್ಪ ನನ್ನ ಕಸುಬಿನ ಮಾತು ಸಹಿಸಿಕೊಳ್ಳಿ. ಸೆರೆಬ್ರಲ್ ಪಾಲ್ಸಿಯಲ್ಲಿ ಪೆಟ್ಟು ಬಿದ್ದಿರುವುದು ಮಿದುಳಿಗೆ. ಹುಟ್ಟುವ ಮೊದಲೋ, ಹುಟ್ಟುವಾಗ ಉಸಿರು ಕಟ್ಟಿಯೋ, ದಿನ ತುಂಬದೆ ಹುಟ್ಟಿಯೋ, ಹುಟ್ಟಿದ ಮೇಲೆ ಕಾಮಾಲೆ ಮಿದುಳಿಗೆ ಏರಿಯೋ. ಆ ಪೆಟ್ಟು ದೊಡ್ಡದಾಗುತ್ತಾ ಹೋಗುವುದಿಲ್ಲ, ಆಗಿದ್ದು ಆಗಿದೆ. ಆದರೆ ಮಗು ಬೆಳೆಯುತ್ತದೆ. ಮೂಳೆ ಉದ್ದವಾಗುತ್ತದೆ, ಬಿಗಿದ ಸ್ನಾಯು ಅಷ್ಟೇ ವೇಗದಲ್ಲಿ ಉದ್ದವಾಗುವುದಿಲ್ಲ. ಆದ್ದರಿಂದ ಮೂರು ವರ್ಷದಲ್ಲಿ ಪಾದ ಊರುತ್ತಿದ್ದ ಮಗು ಆರು ವರ್ಷಕ್ಕೆ ತುದಿಗಾಲಲ್ಲಿ ನಿಲ್ಲುತ್ತದೆ. ಸರಿಯಾಗಿ ಕೂರಿಸದಿದ್ದರೆ, ನಿಲ್ಲಿಸದಿದ್ದರೆ ಸೊಂಟದ ಕೀಲು ಮೆಲ್ಲಗೆ ಗೂಡಿನಿಂದ ಜಾರುತ್ತದೆ. ಆಮೇಲೆ ಬಟ್ಟೆ ಬದಲಿಸುವುದಕ್ಕೂ ನೋವು. ಈ ಮಕ್ಕಳ ಚಲನೆಯನ್ನು ಐದು ಹಂತವಾಗಿ ಗುರುತಿಸುವ ಒಂದು ಕ್ರಮ ನಮ್ಮಲ್ಲಿದೆ. ಮೊದಲ ಹಂತದವರು ನಡೆಯುತ್ತಾರೆ, ಓಡುತ್ತಾರೆ, ಕೊಂಚ ಎಡವುತ್ತಾರೆ. ನಾಲ್ಕನೆಯ ಹಂತದವರಿಗೆ ಹೆಚ್ಚಾಗಿ ಗಾಲಿಕುರ್ಚಿಯೇ. ಐದನೆಯವರಿಗೆ ಕತ್ತು ನಿಲ್ಲಿಸುವುದೇ ಕಷ್ಟ. ಥೆರಪಿ ಮಾಡಿ ಮಾಡಿ ಐದರಿಂದ ಒಂದಕ್ಕೆ ತರುತ್ತೇನೆ ಅನ್ನುವವರನ್ನು ನಂಬಬೇಡಿ.

ಹಾಗಾದರೆ ಥೆರಪಿ ಯಾಕೆ? ಈ ಪ್ರಶ್ನೆಯನ್ನೂ ಜನ ಕೇಳುತ್ತಾರೆ, ಕೇಳಬೇಕು ಕೂಡ. ಕೋಟೆಯ ಆ ಹುಡುಗ ನಾಲ್ಕನೆಯ ಹಂತದವನು. ಅವನಿಗಾಗಿ ನಾವು ಮಾಡಿದ್ದೇನು ಅಂತ ಹೇಳುತ್ತೇನೆ. ಊರಿನ ಬಡಗಿಯ ಹತ್ತಿರ ಒಂದು ಕುರ್ಚಿ ಮಾಡಿಸಿದೆವು. ಸೊಂಟ ಸರಿಯಾಗಿ ಮಡಿಯಬೇಕು, ಪಾದ ಹಲಗೆಗೆ ಊರಬೇಕು, ಎರಡು ತೊಡೆಗಳ ನಡುವೆ ಒಂದು ಗೂಟ, ಎದುರಿಗೊಂದು ಹಲಗೆ. ಬಡಗಿ ಮೂರು ಸಲ ತಪ್ಪಾಗಿ ಮಾಡಿದ, ನಾಲ್ಕನೆಯ ಸಲ ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡ. ಮೊದಲು ತಾಯಿ ಹುಡುಗನನ್ನು ಮಡಿಲಲ್ಲಿ ಮಲಗಿಸಿ, ಕತ್ತು ಹಿಂದಕ್ಕೆ ವಾಲಿದ ಹಾಗೇ ಊಟ ಮಾಡಿಸುತ್ತಿದ್ದರು. ಹಾಗೆ ನುಂಗಿ ನೋಡಿ, ನಿಮಗೂ ಕೆಮ್ಮು ಬರುತ್ತದೆ. ಈಗ ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಗದ್ದ ಒಂದಿಷ್ಟು ಕೆಳಗಿಟ್ಟುಕೊಂಡು ನುಂಗುತ್ತಾನೆ. ನಲವತ್ತು ನಿಮಿಷದ ಅಂಬಲಿ ಈಗ ಇಪ್ಪತ್ತಕ್ಕೆ ಮುಗಿಯುತ್ತದೆ. ಚಮಚದ ಹಿಡಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿದ್ದೇವೆ (ಹೌದು, ನನ್ನ ಆ ಗೋವಾದ ಟ್ಯೂಬೇ), ಅದನ್ನು ಹಿಡಿದು ನಾಲ್ಕು ತುತ್ತಿನಲ್ಲಿ ಒಂದನ್ನು ತಾನೇ ಬಾಯಿಗಿಡುತ್ತಾನೆ, ಉಳಿದ ಮೂರು ಅಂಗಿಯ ಮೇಲೆ. ಅವನು ನಡೆಯುವುದಿಲ್ಲ. ಬಹುಶಃ ಮುಂದೆಯೂ ನಡೆಯಲಾರ. ಆ ಇಪ್ಪತ್ತು ನಿಮಿಷ ಮಾತ್ರ ತಾಯಿಗೆ ದಿನಾ ಉಳಿಯುತ್ತಿದೆ.

ಇದನ್ನು ಪೋಸ್ಟರಿನಲ್ಲಿ ಹೇಗೆ ಬರೆಯುವುದು?

ನಮ್ಮ ಆಟದಲ್ಲಿ ಎಲ್ಲರೂ ಹೇಳುವ ಒಂದು ತಂದೆ ಮಗನ ಕಥೆಯಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಡಿಕ್ ಹೊಯ್ಟ್ ಮತ್ತು ರಿಕ್ ಹೊಯ್ಟ್. ರಿಕ್ 1962ರಲ್ಲಿ ಹುಟ್ಟುವಾಗ ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು ಸೆರೆಬ್ರಲ್ ಪಾಲ್ಸಿ ಆಯಿತು. 1977ರಲ್ಲಿ, ಅಪಘಾತದಲ್ಲಿ ಮೈ ಸ್ವಾಧೀನ ಕಳೆದುಕೊಂಡ ಒಬ್ಬ ಆಟಗಾರನಿಗಾಗಿ ಹಣ ಎತ್ತಲು ಐದು ಮೈಲಿ ಓಟ ಇತ್ತು. ನಾನೂ ಹೋಗಬೇಕು ಅಂದ ಮಗ. ತಂದೆ ಗಾಲಿಕುರ್ಚಿ ತಳ್ಳಿಕೊಂಡು ಓಡಿದರು. ಕೊನೆಯಿಂದ ಎರಡನೆಯವರಾಗಿ ಮುಟ್ಟಿದರು. ಓಡುವಾಗ ತನಗೆ ಅಂಗವೈಕಲ್ಯ ಇದೆ ಅನ್ನಿಸಲೇ ಇಲ್ಲ ಅಂತ ಮಗ ಹೇಳಿದ್ದು ತಂದೆಗೆ ಹಿಡಿದುಕೊಂಡಿತು. ಈಜು ಬಾರದ ಡಿಕ್ ನಲವತ್ತು ದಾಟಿದ ಮೇಲೆ ಈಜು ಕಲಿತು, 1985ರಲ್ಲಿ ಟ್ರಯಥ್ಲಾನ್‌ಗೆ ಇಳಿದರು. ಮಗನನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ, ಹಗ್ಗ ಮೈಗೆ ಕಟ್ಟಿಕೊಂಡು ಎಳೆದು ಈಜುವುದು, ಸೈಕಲ್ಲಿನ ಮುಂದೆ ಕೂರಿಸಿ ತುಳಿಯುವುದು, ಕುರ್ಚಿ ತಳ್ಳಿ ಓಡುವುದು. 1989ರಲ್ಲಿ ಹವಾಯಿಯ ಪೂರ್ತಿ ಐರನ್‌ಮ್ಯಾನ್ ಮುಗಿಸಿದರು. ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ರೇಸ್. ತಂದೆ 2021ರಲ್ಲಿ, ಮಗ 2023ರಲ್ಲಿ ತೀರಿಕೊಂಡರು.

ನಾನು ಸರಸ್ವತಿಪುರಂ ಈಜುಕೊಳದಲ್ಲಿ ಮೂವತ್ತೆಂಟನೆಯ ವಯಸ್ಸಿಗೆ ಈಜು ಕಲಿತವಳು. ಲೇಡೀಸ್ ಬ್ಯಾಚಿನಲ್ಲಿ, ಎಂಟು ವರ್ಷದ ಹುಡುಗಿಯರ ಪಕ್ಕ, ಕಂಬಿ ಹಿಡಿದು ಕಾಲು ಬಡಿಯುತ್ತಾ. ಹಾಗಾಗಿ ಡಿಕ್ ಬಗ್ಗೆ ನನಗೆ ಭಕ್ತಿಯೇ ಇದೆ. ಆದರೆ ಥೆರಪಿಸ್ಟ್ ಆಗಿ ನಾನು ಈ ಕಥೆಯಲ್ಲಿ ನೋಡುವ ಇಸವಿಯೇ ಬೇರೆ. ಅದು 1972. ಆ ವರ್ಷ ಟಫ್ಟ್ಸ್ ವಿಶ್ವವಿದ್ಯಾಲಯದ ಎಂಜಿನಿಯರುಗಳು ರಿಕ್‌ಗಾಗಿ ಒಂದು ಕಂಪ್ಯೂಟರ್ ಮಾಡಿಕೊಟ್ಟರು, ಅದಕ್ಕೆ ಬೇಕಾದ ಐದು ಸಾವಿರ ಡಾಲರನ್ನು ಮನೆಯವರು ಕೂಡಿಸಿದರು. ತೆರೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ, ಬೇಕಾದ ಅಕ್ಷರ ಬಂದಾಗ ತಲೆಯಿಂದ ಸ್ವಿಚ್ ಒತ್ತಬೇಕು. ಹತ್ತು ವರ್ಷ ಒಂದು ಮಾತೂ ಆಡದ ಹುಡುಗ ಮೊದಲು ಏನು ಹೇಳುತ್ತಾನೆ, ‘ಅಮ್ಮ’ ಅನ್ನುತ್ತಾನೋ ‘ಅಪ್ಪ’ ಅನ್ನುತ್ತಾನೋ ಅಂತ ಮನೆಯವರೆಲ್ಲ ಕಾದರು. ಅವನು ‘ಗೋ ಬ್ರುಯಿನ್ಸ್’ ಅಂದ. ಅದು ಬಾಸ್ಟನ್ನಿನ ಐಸ್ ಹಾಕಿ ತಂಡ, ಆಗ ಫೈನಲ್ಸ್ ನಡೆಯುತ್ತಿತ್ತು. ನಮ್ಮ ಮಂಡ್ಯದ ಹುಡುಗನೊಬ್ಬ ಹತ್ತು ವರ್ಷ ಬಾಯಿಬಿಡದೆ ಇದ್ದು, ಮೊದಲ ಮಾತಿಗೆ ‘ಈ ಸಲ ಕಪ್ ನಮ್ದೇ’ ಅಂದ ಹಾಗೆ.

ಅಷ್ಟು ದಿನವೂ ಆ ಹುಡುಗ ಮ್ಯಾಚ್ ನೋಡುತ್ತಿದ್ದ, ಅರ್ಥ ಮಾಡಿಕೊಳ್ಳುತ್ತಿದ್ದ, ತನ್ನ ತಂಡ ಯಾವುದು ಅಂತ ತೀರ್ಮಾನಿಸಿದ್ದ. ಆ ಯಂತ್ರ ಇಲ್ಲದಿದ್ದರೆ ಐದು ವರ್ಷದ ಮೇಲೆ ‘ನಾನೂ ಹೋಗಬೇಕು’ ಅಂತ ಯಾವ ಬಾಯಲ್ಲಿ ಹೇಳುತ್ತಿದ್ದ? ಡಿಕ್ ಓಡಿದ್ದು ಸಾವಿರ ಸಲ ತೋರಿಸುತ್ತಾರೆ. 1972ರ ಆ ಸ್ವಿಚ್ ಯಾರಿಗೂ ನೆನಪಿಗೆ ಬರುವುದಿಲ್ಲ. ರಿಕ್ 1993ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು, ಅದೂ ಅಷ್ಟೇ. ನನಗೆ ಹಣ ಎತ್ತಲು ಬಿಟ್ಟರೆ ಅಂಥ ಸ್ವಿಚ್ಚಿಗೆ ಎತ್ತುತ್ತೇನೆ.

ನಮ್ಮಲ್ಲಿ ದಾನ ಬರುವ ರೀತಿ ನಿಮಗೆ ಗೊತ್ತೇ ಇದೆ. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಬರೆದು ಬರೆದು ಬೆಳಕೇ ಹೊರಗೆ ಬರದ ಹಾಗೆ ಮಾಡುವವರು ನಾವು. ಸೆಂಟರಿಗೆ ಯಂತ್ರ ಕೊಡಲು ಸಾಲು ನಿಲ್ಲುತ್ತಾರೆ. ಹೊರಗಿನಿಂದ ಬಂದ ಒಂದು ದೊಡ್ಡ ಕಂಪನಿ, ಹೆಸರು ಬೇಡ, ನಡಿಗೆ ಅಭ್ಯಾಸದ ಒಂದು ಯಂತ್ರ ಕೊಟ್ಟು, ಬಾಗಿಲಷ್ಟು ದೊಡ್ಡ ಚೆಕ್ ಹಿಡಿದು ಫೋಟೋ ತೆಗೆಸಿಕೊಂಡಿತು. ಅದನ್ನು ಬಳಸಲು ಇಬ್ಬರು ಥೆರಪಿಸ್ಟ್ ಬೇಕು, ಸಂಬಳ ಯಾರು ಕೊಡುತ್ತಾರೆ ಅಂತ ಕೇಳಿದೆವು. ಸಂಬಳಕ್ಕೆ ಅವರ ಯೋಜನೆಯಲ್ಲಿ ಅವಕಾಶ ಇರಲಿಲ್ಲ. ಈಗ ಅದರ ಕಂಬಿಯ ಮೇಲೆ ಟವೆಲ್ ಒಣಗುತ್ತವೆ. ಒಳ್ಳೆಯ ಕಂಬಿ, ತುಕ್ಕು ಹಿಡಿದಿಲ್ಲ.

ಬೇಕಾಗಿರುವುದು ಯಾವುದು ಅಂದರೆ, ಕೇಳುವವರಿಗೆ ಬೇಜಾರು ತರಿಸುವಂಥದ್ದು. ಸ್ಪ್ಲಿಂಟ್ ನೋಡಿ. ಕಾಲಿಗೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆದು, ಅದರ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಾಡುವುದು. ಜೋಡಿಗೆ ಕೆಲವು ಸಾವಿರ ರೂಪಾಯಿ. ಮಗುವಿನ ಪಾದ ಬೆಳೆದಾಗಲೆಲ್ಲ ಬದಲಿಸಬೇಕು. ಮೊದಲನೆಯ ಜೋಡಿ ಕೊಡಿಸುವವರು ಹತ್ತು ಜನ, ನಾಲ್ಕನೆಯ ಜೋಡಿ ಕೊಡಿಸುವವರು ಯಾರೂ ಇಲ್ಲ. ಚಿಕ್ಕದಾದ ಸ್ಪ್ಲಿಂಟನ್ನೇ ತಾಯಿ ಹಾಕುತ್ತಾಳೆ, ಹಿಮ್ಮಡಿ ಕೆಂಪಾಗಿ ಗಾಯವಾಗುತ್ತದೆ, ಆಮೇಲೆ ಅಟ್ಟ ಸೇರುತ್ತದೆ.

ಸರ್ಕಾರದ ಕಡೆಯಿಂದ ಏನೂ ಇಲ್ಲ ಅಂತಲ್ಲ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ. ಆದರೆ ಮೊದಲು ಕೈಯಿಂದ ಕೊಟ್ಟು, ಬಿಲ್ಲು ಜೋಡಿಸಿ ಕಳಿಸಬೇಕು. ಆ ಕಾಗದ ತುಂಬಿಕೊಡುವ ಒಬ್ಬರು ಬೇಕು. ನಿಮ್ಮಲ್ಲಿ ಬ್ಯಾಂಕಿನವರು, ಆಡಿಟರ್ ಆಫೀಸಿನವರು ಇದ್ದೀರಿ, ನೀವು ಓಡದಿದ್ದರೂ ನಡೆಯುತ್ತದೆ, ಶನಿವಾರ ಎರಡು ಗಂಟೆ ಬಂದು ಫಾರಂ ತುಂಬಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೆ ಬಸ್ಸಿನ ಖರ್ಚು ತಪ್ಪಿತು. ನಮ್ಮಲ್ಲಿ ವಾರ ತಪ್ಪಿಸುವವರು ಕಡಿಮೆಯಾದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಯಾವ ಯಂತ್ರವೂ ಮಾಡದ ಕೆಲಸವನ್ನು ಆ ಟಿಕೆಟ್ ಮಾಡಿತು. ಬಸ್ಸಿನಲ್ಲಿ ನೂಕುನುಗ್ಗಲೂ ಹೆಚ್ಚಿತು ಅನ್ನಿ, ಮಗು ಹೊತ್ತವರಿಗೆ ಸೀಟು ಬಿಡುವವರು ಮೊದಲೂ ಕಡಿಮೆ, ಈಗಲೂ ಕಡಿಮೆ. ಆದರೆ ಸ್ಟ್ಯಾಂಡಿನಿಂದ ಸೆಂಟರಿನವರೆಗಿನ ಆಟೋ ಹಾಗೇ ಉಳಿಯಿತು. ಒಂದು ದಿನದ ಕೂಲಿ ಹೋಗುವುದು ಹಾಗೇ ಉಳಿಯಿತು.

ಹಾಗಾಗಿ 2023ರಲ್ಲಿ ನಾನು ಮತ್ತೆ ಗೋವಾಕ್ಕೆ ಹೋಗುವ ಮೊದಲು ಕಿಲೋಮೀಟರ್ ಮಾರಲಿಲ್ಲ. ‘ನಾನು ಮುಗಿಸಲಿ ಬಿಡಲಿ, ವರ್ಷವಿಡೀ ಗುರುವಾರದ ಆಟೋ ಬಾಡಿಗೆಗೆ ಕೊಡಿ’ ಅಂತ ಕೇಳಿದೆ. ತಿಂಗಳಿಗೆ ಇಷ್ಟು ಅಂತ, ಹನ್ನೆರಡು ತಿಂಗಳು. ಆದಾಯ ತೆರಿಗೆ ರಿಯಾಯಿತಿಗೆ ರಸೀದಿ ಕೊಡುತ್ತೇವೆ. ನನ್ನ ಪ್ರವೇಶ ಶುಲ್ಕ, ಹೋಟೆಲ್ಲು, ಸೈಕಲ್ ಸಾಗಿಸುವ ಖರ್ಚು ಎಲ್ಲ ನನ್ನ ಜೇಬಿನದು. ಇದರಲ್ಲಿ ಮಾತ್ರ ರಾಜಿಯಿಲ್ಲ. ನಮ್ಮ ಆಟ ದುಬಾರಿ, ಅದನ್ನು ಮಕ್ಕಳ ಲೆಕ್ಕದಲ್ಲಿ ಆಡಿದರೆ ಅದಕ್ಕೆ ಬೇರೆಯೇ ಹೆಸರಿದೆ. ಕೊಟ್ಟವರು ಮೊದಲಿಗಿಂತ ಕಡಿಮೆ. ಆದರೆ ಜುಲೈನಲ್ಲೂ ಕೊಟ್ಟರು, ಎಲ್ಲರೂ ರೇಸ್ ಮರೆತ ಮೇಲೂ ಕೊಟ್ಟರು. ಆ ಸಲ ನಾನು ಮುಗಿಸಿದೆ, ಗಡುವಿಗೆ ಹದಿನಾಲ್ಕು ನಿಮಿಷ ಉಳಿದಿತ್ತು. ಟ್ಯೂಬ್ ಮೂರು ಇಟ್ಟುಕೊಂಡಿದ್ದೆ, ಒಂದೂ ಬೇಕಾಗಲಿಲ್ಲ.

ಕೊನೆಗೆ ಒಂದು ವಿಷಯ. 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಿಂದ ಪ್ಯಾರಾ ಟ್ರಯಥ್ಲಾನ್ ಕೂಡ ಇದೆ. ಅವಕಾಶ ಸಿಕ್ಕಾಗ ಅದರ ವಿಡಿಯೋ ನೋಡಿ, ಆದರೆ ಫಿನಿಶ್ ಲೈನ್ ನೋಡಬೇಡಿ, ಟ್ರಾನ್ಸಿಷನ್ ನೋಡಿ. ಗಾಲಿಕುರ್ಚಿ ವರ್ಗದ ಸ್ಪರ್ಧಿ ನೀರಿನಿಂದ ಬಂದಾಗ ಅವರನ್ನು ಎತ್ತಿಕೊಳ್ಳಲು, ಈಜಿನ ಸೂಟ್ ಬಿಚ್ಚಿಸಲು, ಕೈಯಿಂದ ತುಳಿಯುವ ಸೈಕಲ್ಲಿಗೆ ಕೂರಿಸಲು ಜನ ಕಾದು ನಿಂತಿರುತ್ತಾರೆ. ಅವರಿಗೆ ಹ್ಯಾಂಡ್ಲರ್ ಅನ್ನುತ್ತಾರೆ. ಅವರು ಮುಂದಕ್ಕೆ ಓಡುವ ಹಾಗಿಲ್ಲ, ಅವರ ಕೆಲಸ ಆ ಜಾಗದಲ್ಲಿ ಮಾತ್ರ. ಗಡಿಯಾರ ನಡೆಯುತ್ತಿರುತ್ತದೆ, ಆ ಎರಡು ಕೈ ಎಷ್ಟು ಚುರುಕೋ ಅಷ್ಟು ನಿಮಿಷ ಉಳಿಯುತ್ತದೆ. ಇದು ನಿಯಮದಲ್ಲೇ ಇದೆ, ಯಾರೂ ಅದನ್ನು ಕರುಣೆ ಅನ್ನುವುದಿಲ್ಲ.

ಅದನ್ನು ನೋಡಿಯೇ ನಮ್ಮ ಸೈಕಲ್ ಗುಂಪಿನ ನಾಲ್ಕು ಜನ ಗುರುವಾರ ಸಬರ್ಬನ್ ಸ್ಟ್ಯಾಂಡಿನಲ್ಲಿ ನಿಲ್ಲಲು ಶುರುಮಾಡಿದೆವು. ಹೆಚ್ಚಿನ ಕೆಲಸವೇನಿಲ್ಲ. ಕೋಟೆ ಬಸ್ಸು, ಹುಣಸೂರು ಬಸ್ಸು, ತಿ. ನರಸೀಪುರದ ಬಸ್ಸು ಬಂದಾಗ ಬ್ಯಾಗು ಇಳಿಸಿಕೊಳ್ಳುವುದು, ಮೊದಲೇ ಮಾತಾಡಿಟ್ಟ ಆಟೋಗೆ ಹತ್ತಿಸುವುದು, ಮಧ್ಯಾಹ್ನ ಮತ್ತೆ ಬಸ್ಸಿನಲ್ಲಿ ಸೀಟು ಹಿಡಿದುಕೊಡುವುದು. ಸೀಟು ಹಿಡಿಯುವುದಕ್ಕೆ ಕಿಟಕಿಯಿಂದ ಟವೆಲ್ ಎಸೆಯಲು ಬರಬೇಕು, ಅದನ್ನು ಯಾವ ಕೋಚೂ ಹೇಳಿಕೊಡುವುದಿಲ್ಲ. ಮಗುವನ್ನು ಎತ್ತಿಕೊಳ್ಳುವ ಮೊದಲು ತಾಯಿಯನ್ನು ಕೇಳಬೇಕು, ಮಗುವನ್ನೂ ಕೇಳಬೇಕು. ಕೋಟೆಯ ಹುಡುಗ ಈಗ ನಿದ್ದೆ ಮಾಡದೆ ಬರುತ್ತಾನೆ. ಆಟೋ ಮುಂದಿನ ಕನ್ನಡಿಯಲ್ಲಿ ಡ್ರೈವರ್ ಮುಖ ನೋಡಿ ನಗುವುದು ಅವನ ಹೊಸ ಆಟ.

ನಾಲ್ವರಲ್ಲಿ ಇಬ್ಬರಿಗೆ ವರ್ಗವಾಗಿದೆ. ಕೋಟೆ ಬಸ್ಸು ಹತ್ತು ಗಂಟೆಗೆ ಬರುತ್ತದೆ, ಹುಣಸೂರಿನದು ಹತ್ತೂಕಾಲಿಗೆ. ಹೆಸರು ಬರೆದುಕೊಳ್ಳುವ ನೋಟ್‌ಬುಕ್ ಬಾಗಿಲ ಹತ್ತಿರದ ಮೇಜಿನ ಮೇಲಿದೆ.